ಕ್ಷಮಾವಾಣಿಯ ದಿನ ಬಂದ ಕಾರ್ಡು

"ಅಜ್ಜೀ, ನಾನು ಮುಟ್ತಾನೂ ಇಲ್ಲ! ತಾವಾಗೇ ಹೋಗ್ತಾ ಅವೆ!"

ತ್ರಿಷಾ ಮೌಸ್ ಬಿಟ್ಟು ಗೋಡೆಗೆ ಒರಗಿ ನಿಂತಿದ್ದಳು. ಆದರೂ ಕಂಪ್ಯೂಟರಿನಿಂದ ಅಪ್ಪನ ಹೆಸರಿನ ಇ-ಮೇಲ್‌ಗಳು ಒಂದರ ಹಿಂದೊಂದು ಹೊರಡುತ್ತಲೇ ಇದ್ದವು. ಕೊಣನೂರಿನ ಭುಜಬಲಿ ದೊಡ್ಡಪ್ಪನಿಗೆ ಒಂದು. ಹಾಸನದ ಕ್ಷಮಾ ಅತ್ತೆಗೆ ಒಂದು. ತ್ರಿಷಾಳ ಮನೆಯವರು ನಡೆಸುವ ಲಾಡ್ಜಿನಲ್ಲಿ ಎಂದೋ ಉಳಿದುಹೋದ ಯಾತ್ರಿಕರಿಗೆಲ್ಲ ಒಂದೊಂದು.

"ಯಾರೂ ಮುಟ್ಟದೆ ಅದೆಂಗ್ ಓಯ್ತದೆ ಮಗಾ?" ರಾಜೀಮತಿ ಅಜ್ಜಿ ಕನ್ನಡಕ ಏರಿಸಿಕೊಂಡು ಬಂದಳು.

ಅಂದು ಜೈನರ ಕ್ಷಮಾವಾಣಿ. ಗೊತ್ತಿದ್ದೋ ಗೊತ್ತಿಲ್ಲದೆಯೋ ನೋಯಿಸಿದ್ದಕ್ಕೆ ಬಸದಿಯಲ್ಲಿ, ಬೀದಿಯಲ್ಲಿ, ಫೋನಿನಲ್ಲಿ ಎಲ್ಲರೂ ಎಲ್ಲರಿಗೂ 'ಉತ್ತಮ ಕ್ಷಮಾ' ಎಂದು ಕ್ಷಮೆ ಕೇಳುವ ದಿನ. 'ಉತ್ತಮ ಕ್ಷಮಾ, ಕಾರ್ಡ್ ತೆರೆಯಿರಿ' ಎಂದು ಒಂದು ಮೇಲ್ ಬಂದಿತ್ತು. ಕಳಿಸಿದವರು ಯಾರೋ ಗೊತ್ತಿರಲಿಲ್ಲ. ಆದರೆ ಈ ದಿನ ಕ್ಷಮೆ ಕೇಳಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆಯೇ? 'ಈ ಫೈಲ್ ಅಪಾಯಕಾರಿ ಇರಬಹುದು, ತೆರೆಯಬೇಕೇ?' ಎಂದು ಕಂಪ್ಯೂಟರ್ ಕೇಳಿದಾಗಲೂ ತ್ರಿಷಾ 'ಯೆಸ್' ಒತ್ತಿದ್ದಳು. ಕಾರ್ಡು ಮಾತ್ರ ಕಾಣಲೇ ಇಲ್ಲ.

ಯಾತ್ರಿಕರನ್ನು ಕರೆತರಲು ಸ್ಟೇಷನ್ನಿಗೆ ಹೋಗಿದ್ದ ಅಪ್ಪನಿಗೆ ಫೋನ್ ಮಾಡಿದಳು.

"ಅಯ್ಯೋ, ಅದು ವೈರಸ್ ಕಣಮ್ಮಾ! ಮೊದ್ಲು ನೆಟ್ ವೈರು ಕೀಳು!"

ತ್ರಿಷಾ ಕಿತ್ತಳು. ಮೇಲ್‌ಗಳು ನಿಂತವು.

"ಅದು ಫೋಟೋನೂ ಕೆಡಿಸ್ತದೆ. ಕಂಪ್ಯೂಟರಲ್ಲಿರೋ ಅಜ್ಜನ ಫೋಟೋ ಓಪನ್ ಆಗ್ತವಾ ನೋಡು."

ಒಂದೂ ತೆರೆಯಲಿಲ್ಲ. ತೀರಿಹೋದ ಅಜ್ಜ ಟೋಪಿ ಹಾಕಿಕೊಂಡು ನಕ್ಕಿದ್ದು, ತ್ರಿಷಾಳನ್ನು ಹೆಗಲೇರಿಸಿಕೊಂಡದ್ದು, ಎಲ್ಲ ಬರೀ ಬಿಳಿ ಚೌಕ.

ತ್ರಿಷಾ ಹೇಳಿದ್ದು ಕೇಳಿ ಅಪ್ಪ ಅವಸರ ಮಾಡಿದ. "ಆ ಫೋಟೋ ಇನ್ನು ಕ್ಷಮಾ ಅತ್ತೆ ಕಂಪ್ಯೂಟರಲ್ಲಿ ಮಾತ್ರ ಇರೋದು. ಅವಳು ಕಾರ್ಡು ತೆಗೆದ್ರೆ ಅವೂ ಹೋದಂಗೇ. ನಾನು ಭುಜಬಲಿ ಅಣ್ಣಂಗೆ ಹೇಳ್ತೀನಿ, ನೀನು ಅತ್ತೆಗೆ ಮಾಡು. ಬೇಗ!"

ಅತ್ತೆಯ ಫೋನ್ ಬ್ಯುಸಿ. ಮತ್ತೆ ಮಾಡಿದಳು. ಬ್ಯುಸಿ.

ತ್ರಿಷಾ ಬಿಡದೆ ಮತ್ತೆ ಮತ್ತೆ ನಂಬರ್ ಒತ್ತಿದಳು. ಬಸ್ಸಿನಲ್ಲಿ ಹಾಸನಕ್ಕೆ ಹೊರಟರೆ ಚನ್ನರಾಯಪಟ್ಟಣ ದಾಟುವಷ್ಟರಲ್ಲಿ ಅವಳದೊಂದು ನಿದ್ದೆ ಮುಗಿಯುತ್ತಿತ್ತು. ಆ ಕಾರ್ಡು ಕಣ್ಣು ಮಿಟುಕಿಸುವುದರೊಳಗೆ ಅತ್ತೆಯ ಮನೆ ಹೊಕ್ಕು ಕೂತಿತ್ತು. ಅದಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ, ಸದ್ದೂ ಇಲ್ಲ. ತನ್ನ ಒಂದು ಬೆರಳು ಎಷ್ಟು ದೂರ ಹೋಗಿ ಎಷ್ಟು ಮನೆಗಳ ಬಾಗಿಲು ತಟ್ಟಿತು! ಅವಳು ತನ್ನ ಬೆರಳನ್ನೇ ನೋಡಿಕೊಂಡಳು.

"ಒಸಿ ಸುಮ್ಕಿರು." ಅಜ್ಜಿ ಅವಳ ಕೈಯಿಂದ ಫೋನ್ ಕಸಿದು ಮೇಜಿನ ಮೇಲಿಟ್ಟಳು. "ಅವಳೂ ನಮಗೇ ಮಾಡ್ತಾ ಇದ್ರೆ? ಆ ಕಡೆಯಿಂದೊಬ್ರು ಈ ಕಡೆಯಿಂದೊಬ್ರು ತಳ್ಳಿದ್ರೆ ಬಾಗ್ಲು ತೆಗೀತದಾ?"

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ತ್ರಿಷಾ ಎತ್ತಿದಳು.

"ಯಾರ ಜೊತೇಲೇ ಹರಟೆ? ಆಗಿಂದ ಮಾಡ್ತಾ ಇವ್ನಿ!" ಅತ್ತೆಯ ದನಿ. "ನಿಮ್ಮಪ್ಪಂಗೆ ಏನಾಗೈತೆ? ಕಾರ್ಡು ಕಳ್ಸವ್ನೆ?"

"ತೆಗೀಬೇಡ ಅತ್ತೆ! ತೆಗೆದ್ಬುಟ್ಟಾ?"

"ಇಲ್ಲ ಕಣೆ. ಎಷ್ಟೇ ಜಗಳ ಆಡಿದ್ರೂ ಈ ದಿನ ನಮ್ಮಣ್ಣ ಬಾಯ್ಬಿಟ್ಟೇ ಕ್ಷಮೆ ಕೇಳೋನು. ಫೋನ್ ಮಾಡ್ದೆ ಕಾರ್ಡು ಕಳ್ಸೋನಲ್ಲ. ಅದಕ್ಕೇ ಕೇಳಾಣ ಅಂತ ಮಾಡ್ದೆ."

"ಅಜ್ಜನ ಫೋಟೋ?"

ಆ ಕಡೆ ಮೌಸ್ ಟಕ್ ಎಂದಿತು. "ಇಲ್ಲೇ ಅವ್ರಲ್ಲಾ, ಟೋಪಿ ಹಾಕ್ಕೊಂಡು ನಗ್ತಾ."

ಪಕ್ಕದಲ್ಲೇ ಕಿವಿಗೊಟ್ಟು ನಿಂತಿದ್ದ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಕುರ್ಚಿಯಲ್ಲಿ ಕೂತಳು.

"ಅತ್ತೆ, ಆ ಕಾರ್ಡು ಅಪ್ಪ ಕಳ್ಸಿದ್ದಲ್ಲ. ವೈರಸ್ಸು. ಅದನ್ನ ತೆಗೆದೋಳು ನಾನು," ಎಂದಳು ತ್ರಿಷಾ. ಆಮೇಲೆ ಮೆಲ್ಲಗೆ, "ಉತ್ತಮ ಕ್ಷಮಾ."

ಪ್ರತಿ ವರ್ಷ ಆ ಎರಡು ಪದ ಪಟಪಟ ಹೇಳಿ ಆಟಕ್ಕೆ ಓಡುತ್ತಿದ್ದಳು. ಈ ಸಲ ಹೇಳಿ, ಫೋನನ್ನು ಕಿವಿಗೆ ಒತ್ತಿ ಹಿಡಿದು, ಅತ್ತೆ ಏನನ್ನುತ್ತಾಳೋ ಎಂದು ಕಾದಳು.