ರೆಫ್ರಿ ಸಿಂಡ್ರಿಯ ಪಕ್ಷಪಾತ

ಈಜುಕೊಳದ ಪಕ್ಕದ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಕುಳಿತು, ಕೆಯಾನಾ ಹಿಂದಿನ ಸಂಜೆಯ ಬ್ಯಾಸ್ಕೆಟ್‌ಬಾಲ್ ಪಂದ್ಯದ ರೆಫ್ರಿಗೆ ಮನಸಾರೆ ಬೈಯುತ್ತಿದ್ದಳು.

"ಮುಟ್ಟಿದ್ದಕ್ಕೆಲ್ಲ ಶಿಳ್ಳೆ! ನಾನು ಚೆಂಡು ಕೈಯಲ್ಲಿಟ್ಟುಕೊಂಡು ಓಡಿದೆನಂತೆ. ಚಿಕ್ಕವಳಿದ್ದಾಗಿಂದ ಹೀಗೇ ಆಡಿದೀನಿ, ಅಮೆರಿಕದಲ್ಲಿ, ನಮ್ಮ ಮಿಸಿಸಿಪ್ಪಿಯಲ್ಲಿ ಒಬ್ಬರೂ ಒಂದು ಮಾತು ಅಂದಿಲ್ಲ."

ಎದುರು ಕುಳಿತವನು ಉಣ್ಣೆಯ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದ. ಉಳಿದ ಮುಖವನ್ನು ಹಬೆ ಮುಚ್ಚಿತ್ತು.

"ಪಾಪ," ಅಂದ. "ಅವನಿಗೆ ಕಣ್ಣು ಸರಿಯಿರಲಿಲ್ಲವೇನೋ."

"ಕಣ್ಣಿದ್ರೆ ತಾನೇ! ಆ ಮುಖ ನೋಡ್ಬೇಕಿತ್ತು ನೀವು. ಗಾಳಿಗೆ ನೇತು ಹಾಕಿದ ಒಣಮೀನು."

"ಅಷ್ಟು ಕೆಟ್ಟದಾಗಿತ್ತಾ?"

"ಮೀನಾದ್ರೂ ವಾಸಿ."

ಅವನು ಅದನ್ನು ಕುಳಿತು ಯೋಚಿಸಿದ. ಆಮೇಲೆ ಎದ್ದು, ಮೆಟ್ಟಿಲ ಮೇಲೆ ನಿಂತು, ಬಹಳ ವಿನಯದಿಂದ ಹೇಳಿದ: "ಇಲ್ಲಿನ ನಿಯಮದಲ್ಲಿ ಚೆಂಡು ಮೊದಲು ಕೈ ಬಿಡಬೇಕು, ಊರಿದ ಕಾಲು ಆಮೇಲೆ ಏಳಬೇಕು. ನಿಮ್ಮ ಕಡೆ ಕಾಲು ಮೊದಲು ಎದ್ದರೂ ಬಿಟ್ಟುಬಿಡ್ತಾರೆ. ನಿಮ್ಮ ತಪ್ಪಲ್ಲ, ಅಭ್ಯಾಸ." ಹಾಗೆಂದು ಹಿಮದ ಮೇಲೆ ಬರಿಗಾಲಲ್ಲಿ ಹೊರಟುಹೋದ.

ಮೂಲೆಯಲ್ಲಿದ್ದ ಸಲ್ವೋರ್ ಅಜ್ಜಿ ಕಣ್ಣು ತೆರೆಯದೆಯೇ ಹೇಳಿದಳು. "ಅವನೇ ಕಣೇ ನಿನ್ನ ಒಣಮೀನು. ಸಿಂಡ್ರಿ ಅಂತ. ಗುಡ್ಡದಾಚೆ ಊರಲ್ಲಿ ಕನ್ನಡಕದ ಅಂಗಡಿ ಇಟ್ಟಿದಾನೆ. ಹಿಮ ಬಿದ್ದು ರಸ್ತೆ ಮುಚ್ಚಿತಲ್ಲ, ಇಲ್ಲೇ ಉಳ್ಕೊಂಡಿದ್ದ."

ಕೆಯಾನಾ ಉಸಿರು ಹಿಡಿದು ನೀರಿನೊಳಗೆ ಮುಳುಗಿದಳು. ಅಷ್ಟರಲ್ಲಾಗಲೇ ಅವಳು ಬ್ಯಾಸ್ಕೆಟ್‌ಬಾಲ್ ಸಂಘದ ಮುಖ್ಯಸ್ಥೆ ಹೆರ್ದಿಸ್‌ಗೆ ಫೋನು ಮಾಡಿ ಅವನ ಮೇಲೆ ದೂರನ್ನೂ ಕೊಟ್ಟಾಗಿತ್ತು.

ಕಾಲೇಜು ಮುಗಿದ ಮೇಲೆ ಕೆಯಾನಾ ಆಡಿದ್ದೆಲ್ಲ ಪರದೇಶಗಳಲ್ಲೇ. ಪೋರ್ಚುಗಲ್, ರುಮೇನಿಯಾ, ಲಕ್ಸೆಂಬರ್ಗ್, ಈಗ ಐಸ್‌ಲ್ಯಾಂಡಿನ ಈ ಮೀನುಗಾರರ ಊರು. ಎಲ್ಲ ಕಡೆಯೂ ಒಂದೇ ಕಥೆ. ಶರತ್ಕಾಲದಲ್ಲಿ ಹೂಗುಚ್ಛ, ಯಾರದೋ ಅಂಗಡಿಯ ಮೇಲೊಂದು ಮನೆ, ಚಳಿಗಾಲವಿಡೀ ಊರ ಮಕ್ಕಳ ಬಾಯಲ್ಲಿ ಅವಳದೇ ಹೆಸರು, ವಸಂತದಲ್ಲಿ ಕೇಕು ಕತ್ತರಿಸಿ ಬೀಳ್ಕೊಡುಗೆ. ಗೋಡೆಗೆ ಚಿತ್ರ ತೂಗುಹಾಕುವ ಅಭ್ಯಾಸವನ್ನೇ ಅವಳು ಬಿಟ್ಟಿದ್ದಳು.

ಸಿಂಡ್ರಿ ಮತ್ತೆ ಬಂದಾಗ ಅವಳೇ ಕ್ಷಮೆ ಕೇಳಿದಳು. "ಮೀನಿನ ಮಾತು ವಾಪಸ್ ತಗೊಂಡೆ."

"ಬೇಡ, ಇರಲಿ," ಅಂದ ಅವನು. "ಕನ್ನಡಕದ ಅಂಗಡಿಯವನು ರೆಫ್ರಿ ಆದ್ರೆ ಜನ ಏನೇನು ಕೂಗ್ತಾರೆ ಗೊತ್ತಾ? ಒಣಮೀನು ಹೊಸದು. ಚೆನ್ನಾಗಿದೆ."

ಅಂದಿನಿಂದ ಪಂದ್ಯದ ಮರುದಿನ ಬೆಳಿಗ್ಗೆ ಈಜುಕೊಳದಲ್ಲಿ ಪಾಠ ಶುರುವಾಯಿತು. ಎದೆಮಟ್ಟದ ನೀರಿನಲ್ಲಿ ಇಬ್ಬರೂ ಕೊಕ್ಕರೆಗಳ ಹಾಗೆ ಕಾಲೆತ್ತಿ ನಡೆಯುವರು. "ಚೆಂಡು, ಆಮೇಲೆ ಕಾಲು," ಎಂದು ಅವನು ಹೇಳುವನು. ಅವಳು ಬೇಕೆಂದೇ ಕಾಲು ಮೊದಲು ಎತ್ತಿ, ಓರೆಗಣ್ಣಿನಲ್ಲಿ ಅವನನ್ನು ನೋಡುವಳು. ಅವನು ನಗಬಾರದೆಂದು ತುಟಿ ಬಿಗಿಹಿಡಿದರೆ ಕಿವಿಗಳು ಕೆಂಪಾಗುತ್ತಿದ್ದವು.

"ನೀರು ಕಲಕ್ಬೇಡ್ರೋ," ಎಂದು ಸಲ್ವೋರ್ ಅಜ್ಜಿ ಗೊಣಗುತ್ತಿದ್ದಳು. ಗೊಣಗುತ್ತಲೇ ಜಾಗ ಬಿಟ್ಟು ಆಚೆ ತೊಟ್ಟಿಗೆ ಹೋಗುತ್ತಿದ್ದಳು.

ಒಂದು ದಿನ ಕೆಯಾನಾ ಕಿಟಕಿಯಿಂದ ನೋಡಿದರೆ ಸಿಂಡ್ರಿ ಅವಳ ಕಾರಿನ ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುತ್ತಿದ್ದ. ಯಾರಿಗೂ ಸಂಶಯ ಬರಬಾರದೆಂದು ಅಕ್ಕಪಕ್ಕದ ಕಾರುಗಳನ್ನೂ ಕೆರೆದು ಹೋದ.

ಕೆಯಾನಾಳ ತಂಡ ಕಪ್‌ನ ಫೈನಲ್ ತಲುಪಿತು. ಫೈನಲ್‌ಗೆ ಸಿಂಡ್ರಿಯೇ ರೆಫ್ರಿ ಎಂದು ಎಲ್ಲರಿಗೂ ಖಾತ್ರಿಯಿತ್ತು. ಆ ಫೈನಲ್‌ನಲ್ಲಿ ಶಿಳ್ಳೆ ಊದುವುದು ಅವನ ಬಾಲ್ಯದ ಆಸೆ. ಹುಡುಗನಾಗಿದ್ದಾಗ ಅಪ್ಪನ ಕುರಿಗಳಿಗೇ ಫೌಲ್ ಕೊಟ್ಟು ಹೊರಗೆ ಕಳಿಸುತ್ತಿದ್ದನಂತೆ. ಆದರೆ ಪ್ರಕಟವಾದ ಹೆಸರುಗಳಲ್ಲಿ ಅವನದಿರಲಿಲ್ಲ.

ಇದು ತನ್ನ ದೂರಿನ ಫಲವೆಂದೇ ಕೆಯಾನಾ ನಂಬಿದಳು. ಹೆರ್ದಿಸ್‌ಗೆ ಫೋನು ಮಾಡಿದಳು.

"ನನ್ನ ದೂರು ವಾಪಸ್ ತಗೋತೀನಿ. ಅವನಷ್ಟು ಸರಿಯಾದ ರೆಫ್ರಿ ನಿಮಗೆ ಸಿಗಲ್ಲ."

"ಯಾವ ದೂರು? ಓ, ಅದಾ! ಅದನ್ನ ಅವತ್ತೇ ಮರ್ತೆ ಕಣಮ್ಮ. ಫೈನಲ್ ಬೇಡ ಅಂದಿದ್ದು ಅವನೇ."

"ಯಾಕೆ?"

ಆ ಕಡೆ ನಗು ತಡೆದುಕೊಂಡ ಸದ್ದು. "ಅದನ್ನ ನಾನು ಹೇಳಿದ್ರೆ ಚೆನ್ನಾಗಿರಲ್ಲ. ನಾನು ಯಾರಿಗೂ ಹೇಳಿಲ್ಲ. ನಮ್ಮೆಜಮಾನ್ರಿಗೆ, ನನ್ನ ತಂಗಿಗೆ, ಅಷ್ಟೇ."

ಅಂದರೆ ದೇಶಕ್ಕೆಲ್ಲ ಗೊತ್ತಿತ್ತು. ಮನೆಯ ಕೆಳಗಿನ ಮೀನಂಗಡಿಯವಳು ಯಾಕೆ ಒಂದು ಮೀನು ಹೆಚ್ಚಿಗೆ ಹಾಕಿ ಕಣ್ಣು ಮಿಟುಕಿಸುತ್ತಿದ್ದಳೆಂದು ಕೆಯಾನಾಗೆ ಈಗ ಹೊಳೆಯತೊಡಗಿತು. ಅವಳು ಕಾರು ಹತ್ತಿ ಗುಡ್ಡ ದಾಟಿದಳು.

"ಕಣ್ಣು ಪರೀಕ್ಷೆ ಮಾಡಿಸ್ಕೋಬೇಕು," ಎಂದಳು ಅಂಗಡಿಯಲ್ಲಿ.

ಸಿಂಡ್ರಿ ದೀಪ ಸಣ್ಣದು ಮಾಡಿದ. ಅವಳ ಮುಖದೆದುರು ಬಾಗಿ ಗಾಜು ಬದಲಿಸಿದ. ಅವನ ಉಸಿರಿನಲ್ಲಿ ಕಾಫಿಯ ಪರಿಮಳವಿತ್ತು. "ಇದು ಚೆನ್ನಾಗಿ ಕಾಣುತ್ತಾ, ಇದಾ?"

"ಫೈನಲ್ ಯಾಕೆ ಬಿಟ್ಟೆ?"

"ಇದಾ... ಇದಾ?"

"ಸಿಂಡ್ರಿ."

ಅವನು ಗಾಜನ್ನು ಕೆಳಗಿಟ್ಟ. "ಆಟಗಾರರ ಜೊತೆ ಸಂಬಂಧ ಇದ್ರೆ ರೆಫ್ರಿ ಮುಂಚೆಯೇ ತಿಳಿಸಬೇಕು. ನಿಯಮ."

"ನಮ್ಮಿಬ್ಬರ ಮಧ್ಯೆ ಏನು ಸಂಬಂಧ ಇದೆ?"

"ಏನೂ ಇಲ್ಲ," ಅಂದ ಪ್ರಾಮಾಣಿಕವಾಗಿ. "ನಿನ್ನ ಕಡೆಯಿಂದ. ನನ್ನ ಕಡೆಯಿಂದ ಇದೆ. ಹೋದ ಪಂದ್ಯದಲ್ಲಿ ನೀನು ಬಿದ್ದಾಗ ನಾನು ಶಿಳ್ಳೆ ಊದೋದು ಮರೆತು ಅಯ್ಯೋ ಅಂದೆ. ಆಮೇಲೆ ನನ್ನನ್ನ ನಾನು ನಂಬೋದು ಹೇಗೆ?"

"ನನಗೆ ಹೇಳೋಕೆ ಮುಂಚೆ ಹೆರ್ದಿಸ್‌ಗೆ ಹೇಳಿದೆಯಾ!"

"ಅವರು ಕಚೇರಿಯಲ್ಲಿ ನಾಲ್ಕು ಗಂಟೆವರೆಗೆ ಮಾತ್ರ ಇರ್ತಾರೆ."

ಕೆಯಾನಾಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. "ಇಟಲಿಯಿಂದ ಕರೆದಿದಾರೆ ಕಣೋ. ದೊಡ್ಡ ತಂಡ. ಫೈನಲ್ ಮುಗಿದ ಕೂಡಲೇ ಉತ್ತರ ಹೇಳ್ಬೇಕು. ನಾನು ಹೊರಟುಹೋದ್ರೆ ನಿನಗೆ ಫೈನಲ್ಲೂ ಇಲ್ಲ, ನಾನೂ ಇಲ್ಲ. ಈಗಲಾದ್ರೂ ಫೋನು ಮಾಡು, ಏನೂ ಇಲ್ಲ ಅಂತ ಹೇಳು."

"ಅದು ಸುಳ್ಳಾಗುತ್ತೆ," ಅಂದ ಸಿಂಡ್ರಿ. "ನಾನು ಸುಳ್ಳು ಹೇಳಲ್ಲ." ಆಮೇಲೆ ದೀಪ ಹಾಕಿ, "ನಿನ್ನ ಕಣ್ಣು ಚೆನ್ನಾಗಿದೆ," ಅಂದ. ಕಿವಿಗಳು ಕೆಂಪಾದವು. "ಅಂದ್ರೆ, ದೃಷ್ಟಿ."

ಫೈನಲ್ ದಿನ ಸಿಂಡ್ರಿ ಜನರ ನಡುವೆ, ಸಲ್ವೋರ್ ಅಜ್ಜಿಯ ಪಕ್ಕದಲ್ಲಿ ಕುಳಿತಿದ್ದ. ಕೈ ಎಲ್ಲಿಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಅಜ್ಜಿ ತನ್ನ ಹೆಣಿಗೆಯ ನೂಲಿನುಂಡೆಯನ್ನು ಹಿಡಿದುಕೋ ಎಂದು ಕೊಟ್ಟಳು.

ಆಟ ಮುಗಿಯಲು ಇನ್ನೇನು ಕ್ಷಣಗಳಿದ್ದವು. ಒಂದೇ ಅಂಕ ಹಿಂದೆ. ಚೆಂಡು ಕೆಯಾನಾಳ ಕೈಗೆ ಬಂತು, ಅವಳು ನುಗ್ಗಿದಳು, ಆತುರದಲ್ಲಿ ಕಾಲು ಮೊದಲು ಎದ್ದಿತು. ಶಿಳ್ಳೆ ಕೇಳಿತು. ಸರಿಯಾದ ಶಿಳ್ಳೆ, ಅವಳಿಗೂ ಗೊತ್ತಿತ್ತು. ಕ್ರೀಡಾಂಗಣವೆಲ್ಲ ಉಸಿರು ಕಟ್ಟಿ ಸುಮ್ಮನಾಯಿತು.

ಆ ಮೌನದಲ್ಲಿ ಒಂದು ಧ್ವನಿ ಎದ್ದಿತು.

"ಏಯ್! ಕಣ್ಣು ಮನೇಲಿಟ್ಟು ಬಂದಿದೀಯೇನೋ! ಎಲ್ಲಯ್ಯಾ ಕಾಲೆತ್ತಿದ್ಲು ಅವಳು? ನಮ್ಮಂಗಡಿಗೆ ಬಾ, ಕನ್ನಡಕ ಕೊಡ್ತೀನಿ!"

ಸಿಂಡ್ರಿ ಬೆಂಚಿನ ಮೇಲೆ ನಿಂತಿದ್ದ. ಟೋಪಿ ಬಿದ್ದುಹೋಗಿತ್ತು. ನೂಲಿನುಂಡೆ ಬಿಚ್ಚಿಕೊಂಡು ಆಟದ ಅಂಗಳದವರೆಗೆ ಉರುಳಿತ್ತು. ಸಲ್ವೋರ್ ಅಜ್ಜಿ ಅವನ ಪ್ಯಾಂಟು ಹಿಡಿದೆಳೆಯುತ್ತಾ, "ಕೂತ್ಕೊಳೋ, ಮಾನ ಹೋಗುತ್ತೆ," ಎನ್ನುತ್ತಿದ್ದಳು.

ಕಪ್ ಕೈತಪ್ಪಿತು. ಗೆಳತಿಯರೆಲ್ಲ ಅಳುತ್ತಿದ್ದರೆ ಕೆಯಾನಾ ಒಬ್ಬಳೇ ಹೊಟ್ಟೆ ಹಿಡಿದುಕೊಂಡು ನಗುತ್ತಾ ಬೆಂಚುಗಳನ್ನು ಹತ್ತಿ ಬಂದಳು.

"ನಾನು ಕಾಲೆತ್ತಿದೆನಾ ಇಲ್ವಾ?"

ಸಿಂಡ್ರಿ ಅವಳ ಕಣ್ಣುಗಳನ್ನೇ ನೋಡಿದ. "ಇಲ್ಲ," ಅಂದ.

"ಸುಳ್ಳ."

"ಹೌದು."

ಬೆವರಿದ ಕೈಗಳಲ್ಲಿ ಅವನ ಮುಖ ಹಿಡಿದು ಅವಳು ಮುತ್ತು ಕೊಟ್ಟಳು. ಸಲ್ವೋರ್ ಅಜ್ಜಿ ತಕ್ಷಣ ನೂಲು ಸುತ್ತುವುದರಲ್ಲಿ ಮಗ್ನಳಾದಳು.

"ಇಟಲಿಯವರಿಗೆ ಬರಲ್ಲ ಅಂತ ಹೇಳ್ತೀನಿ. ಮುಂದಿನ ವರ್ಷವೂ ಇಲ್ಲೇ ಆಡೋದು," ಎಂದಳು ಕೆಯಾನಾ. "ಆದ್ರೆ ನೋಡು, ಇನ್ಮೇಲೆ ನನ್ನ ಯಾವ ಆಟಕ್ಕೂ ನಿನಗೆ ಶಿಳ್ಳೆ ಕೊಡಲ್ಲ."

"ಪರವಾಗಿಲ್ಲ," ಎಂದ ಸಿಂಡ್ರಿ, ಇನ್ನೂ ಏದುಸಿರು ಬಿಡುತ್ತಾ. "ಬೈಯೋದು ಇಷ್ಟು ಚೆನ್ನಾಗಿರುತ್ತೆ ಅಂತ ನನಗೆ ಯಾರೂ ಹೇಳೇ ಇರಲಿಲ್ಲ."