ಅರ್ಧಕ್ಕೂ ಮೂರನೇ ಒಂದಕ್ಕೂ ನಡುವೆ

ಶಾಲೆಗೆ ಬಂದ ಮೊದಲ ದಿನವೇ ಟ್ರೇನರ್ ಮೇಡಂಗೆ ಗಣಿತದ ಮೇಷ್ಟ್ರ ಮೇಲೆ ಕೋಪ ಬಂತು.

ಅವಳ ಕೆಲಸವೇ ಊರೂರು ಅಲೆಯುವುದು. ಒಂದೊಂದು ಶಾಲೆಯಲ್ಲಿ ಮೂರು ವಾರ ಇದ್ದು, ಗೋಡೆಗೆ ಟಚ್ ಬೋರ್ಡ್ ಹಾಕಿಸಿ, ಮಕ್ಕಳ ಕೈಗೆ ಟ್ಯಾಬ್ ಕೊಟ್ಟು, ಅದರಲ್ಲಿ ಲೆಕ್ಕ ಕಲಿಸುವುದು ಹೇಗೆಂದು ತೋರಿಸಿ ಮುಂದಿನ ಊರಿನ ಬಸ್ಸು ಹತ್ತುವುದು. ಮೂವತ್ತಾರರ ವಯಸ್ಸಿಗೆ ಅವಳ ಸಂಸಾರವೆಲ್ಲ ಒಂದು ಸೂಟ್‌ಕೇಸಿನಲ್ಲಿ ಹಿಡಿಯುತ್ತಿತ್ತು.

"ಸರ್, ಪ್ಲಗ್ ಪಾಯಿಂಟ್ ಎಲ್ಲಿದೆ?" ಎಂದಳು. ಮೇಷ್ಟ್ರು ಬೆರಳು ತೋರಿಸಿದರು.

"ಎಷ್ಟು ಮಕ್ಕಳು?" ಹಲಗೆಯ ಮೂಲೆಯಲ್ಲಿ ಸಂಖ್ಯೆ ಬರೆದರು.

"ಈ ಬೋರ್ಡ್ ಮೊದಲು ಬಳಸಿದ್ದೀರಾ?" ಇಲ್ಲವೆಂದು ತಲೆಯಾಡಿಸಿದರು, ಅಷ್ಟೇ.

"ಬಾಯಿ ಬಿಟ್ರೆ ಮುತ್ತು ಉದುರುತ್ತಾ ಸರ್?"

ತರಗತಿಯ ಮಕ್ಕಳೆಲ್ಲ ಅವಳತ್ತ ತಿರುಗಿದರು. ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ ಎದ್ದು ನಿಂತು, "ಮಿಸ್, ಸರ್‌ಗೆ ಗಂಟಲ ಆಪರೇಷನ್ ಆಗಿದೆ. ಮಾತು ಬರಲ್ಲ," ಎಂದಳು, ತಪ್ಪು ತನ್ನದೇ ಎಂಬಂತೆ.

ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಅವಳಿಗೆ. ಮೇಷ್ಟ್ರು ಅವಳನ್ನೇ ನೋಡುತ್ತಿದ್ದರು. ಕಣ್ಣಲ್ಲಿ ಸಿಟ್ಟಿರಲಿಲ್ಲ. ತುಟಿಯ ಅಂಚಿಗೆ ಒಂದು ನಗು ಬಂದು, ಇರಲೋ ಹೋಗಲೋ ಎಂದು ಕೇಳುತ್ತ ನಿಂತಿತ್ತು.

"ಹದಿನೈದು ವರ್ಷದಿಂದ ಇವರ ಪಾಠಕ್ಕೆ ಪಕ್ಕದ ಕ್ಲಾಸಿನ ಮಕ್ಕಳೂ ಕಿವಿ ಕೊಡ್ತಿದ್ರು," ಎಂದರು ಹೆಡ್‌ಮಿಸ್ಟ್ರೆಸ್, ತಮ್ಮ ಕೋಣೆಗೆ ಅವಳನ್ನು ಕರೆದು. "ಈಗ ದನಿಯಿಲ್ಲದೆ ಹೇಗಮ್ಮಾ? ನಿಮ್ಮ ಬೋರ್ಡಿನಿಂದ ಆದ್ರೆ ಸರಿ. ಆಗದಿದ್ರೆ ಮುಂದಿನ ತಿಂಗಳಿಂದ ಲೈಬ್ರರಿಗೆ ಹಾಕಬೇಕು. ನನಗೂ ಮನಸ್ಸಿಲ್ಲ."

ಅಂದಿನಿಂದ ಶಾಲೆ ಬಿಟ್ಟ ಮೇಲೆ ಇಬ್ಬರೂ ಖಾಲಿ ತರಗತಿಯಲ್ಲಿ ಕೂತರು. ಅವಳು ಮಾತಾಡುವಳು, ಅವರು ಟ್ಯಾಬಿನ ಮೇಲೆ ಬರೆಯುವರು. ಅವಳು ತಂದ ಪಾಠಗಳಲ್ಲೆಲ್ಲ ರೆಕಾರ್ಡ್ ಮಾಡಿದ ಹೆಣ್ಣುದನಿಯೊಂದು ಹೆಜ್ಜೆ ಹೆಜ್ಜೆಗೂ ವಿವರಿಸುತ್ತಿತ್ತು.

"ನೀವು ಬಟನ್ ಒತ್ತಿದ್ರೆ ಸಾಕು ಸರ್. ಮಿಕ್ಕಿದ್ದೆಲ್ಲ ಇವಳೇ ಹೇಳ್ತಾಳೆ."

'ಅದೇ ಬೇಡ,' ಎಂದು ಬರೆದರು. 'ಎಲ್ಲ ಇವಳೇ ಹೇಳಿದ್ರೆ ಮಕ್ಕಳಿಗೆ ಉಳಿಯೋದೇನು?'

"ನೀವೂ ಹೇಳಲ್ಲ, ಇವಳೂ ಹೇಳಬಾರದು. ಇನ್ನು ಹೇಳೋರ್ಯಾರು?"

'ಅವರೇ.'

ಅವಳು ಆ ದನಿಯನ್ನು ತೆಗೆದುಹಾಕಿದಳು. ಇಬ್ಬರೂ ಸೇರಿ ಭಿನ್ನರಾಶಿಯ ಪಾಠವನ್ನು ಮೊದಲಿನಿಂದ ಕಟ್ಟಿದರು. ಒಂದು ಸಂಜೆ ಭಾಗ ಮಾಡಿ ತೋರಿಸಲು ಬೋರ್ಡಿನ ಮೇಲೆ ಬಿಡಿಸಿದ್ದ ಒಂದೇ ಪಟ್ಟಿಯನ್ನು ಎಳೆಯಲು ಹೋಗಿ ಇಬ್ಬರ ಬೆರಳೂ ತಗುಲಿದವು. ಯಾರ ಮಾತು ಕೇಳಬೇಕೆಂದು ತಿಳಿಯದೆ ಪಟ್ಟಿ ನಡುಗಿ ನಿಂತಿತು.

"ಸಾರಿ," ಎಂದಳು.

ಅವರು ಬೆರಳನ್ನು ತುಸು ತಡವಾಗಿಯೇ ತೆಗೆದರು.

ಮೂರನೆಯ ವಾರ ಹೆಡ್‌ಮಿಸ್ಟ್ರೆಸ್ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಬೋರ್ಡಿನ ಮೇಲೆ ಪ್ರಶ್ನೆ ಮೂಡಿತು: ಮೂರನೇ ಒಂದು ದೊಡ್ಡದೋ, ನಾಲ್ಕನೇ ಒಂದೋ? ಮುಕ್ಕಾಲು ಪಾಲು ಮಕ್ಕಳ ಟ್ಯಾಬು 'ನಾಲ್ಕನೇ ಒಂದು' ಎಂದಿತು. ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ! ಹೆಡ್‌ಮಿಸ್ಟ್ರೆಸ್ ಹುಬ್ಬು ಗಂಟಿಕ್ಕಿದರು. ಟ್ರೇನರ್ ಮೇಡಂ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದಳು.

ಮೇಷ್ಟ್ರು ತಪ್ಪು ಎನ್ನಲಿಲ್ಲ. ಪ್ರತಿ ಟ್ಯಾಬಿಗೂ ಒಂದೇ ಅಳತೆಯ ಎರಡು ಪಟ್ಟಿ ಕಳಿಸಿದರು. ಮಕ್ಕಳು ಒಂದನ್ನು ಮೂರಾಗಿ, ಇನ್ನೊಂದನ್ನು ನಾಲ್ಕಾಗಿ ಬೆರಳಲ್ಲೇ ಕತ್ತರಿಸಿದರು.

"ಅಯ್ಯೋ, ಜಾಸ್ತಿ ಜನ ಹಂಚ್ಕೊಂಡ್ರೆ ತುಂಡು ಚಿಕ್ಕದಾಗುತ್ತೆ ಕಣೋ!" ಎಂದು ಯಾರೋ ಕೂಗಿದರು.

ಆಮೇಲೆ ಮೇಷ್ಟ್ರು ಗೆರೆಯೊಂದರ ಮೇಲೆ ಅರ್ಧವನ್ನೂ ಮೂರನೇ ಒಂದನ್ನೂ ಗುರುತಿಸಿ, ನಡುವಿನ ಜಾಗವನ್ನು ತೋರಿಸಿ, ಇಲ್ಲೇನಾದರೂ ಇದೆಯೇ ಎಂಬಂತೆ ಕೈ ತಿರುಗಿಸಿದರು. ಎರಡು ಜಡೆಯ ಹುಡುಗಿ ತನ್ನ ಟ್ಯಾಬಿನ ಗೆರೆಯ ಮೇಲಿದ್ದ ಚುಕ್ಕೆಯನ್ನು ಎಳೆದಳು, ಬಿಟ್ಟಳು, ಮತ್ತೆ ಎಳೆದಳು.

"ಐದನೇ ಎರಡು ಇದೆ ಸರ್!"

"ಎಂಟನೇ ಮೂರೂ ಇದೆ!" ಎಂದ ಇನ್ನೊಬ್ಬ. ವಾದ ಶುರುವಾಯಿತು. ಅಷ್ಟು ಗದ್ದಲದ ನಡುವೆ ಮೇಷ್ಟ್ರೊಬ್ಬರೇ ಸುಮ್ಮನೆ ಬೆಳಗುತ್ತಿದ್ದರು.

ಹೆಡ್‌ಮಿಸ್ಟ್ರೆಸ್ ಎದ್ದರು. "ಲೈಬ್ರರಿಗೆ ಬೇರೆ ಯಾರನ್ನಾದ್ರೂ ಹುಡುಕ್ತೀನಿ."

ಅವಳಿಗೆ ಸಂತೋಷದಿಂದ ಕಣ್ಣು ತುಂಬಿತು. ಅದರ ಹಿಂದೆಯೇ ಇನ್ನೊಂದು ಹೊಳೆಯಿತು: ಇಲ್ಲಿ ಇನ್ನು ಅವಳಿಗೆ ಕೆಲಸವಿರಲಿಲ್ಲ.

ಹೊರಡುವ ಹಿಂದಿನ ಸಂಜೆ, ಪಾಠಗಳ ಪಾಸ್‌ವರ್ಡ್ ಬರೆದ ಹಾಳೆ ಕೊಡಲು ಮೇಷ್ಟ್ರ ಮನೆಗೆ ಹೋದಳು. ಬಾಗಿಲು ತಟ್ಟಲು ಕೈ ಎತ್ತಿದಾಗ ಒಳಗಿನಿಂದ ಗೊಗ್ಗರು ದನಿಯೊಂದು ಕೇಳಿತು: "ಅಕ್ಕಾ, ನನ್ನ ಕನ್ನಡಕ ಎಲ್ಲಿಟ್ಟೆ?"

ಬಾಗಿಲು ತೆರೆದವರು ಅವರ ಅಕ್ಕ. ಹಿಂದೆ ನಿಂತಿದ್ದ ಮೇಷ್ಟ್ರ ಮುಖ ಬಿಳಿಚಿಕೊಂಡಿತು.

"ನಿಮಗೆ ಮಾತು ಬರುತ್ತೆ," ಎಂದಳು ಅವಳು. "ಮೂರು ವಾರ ನನ್ನ ಜೊತೆ ಕೂತಿದ್ರಿ. ಒಂದು ಮಾತೂ ಆಡಲಿಲ್ಲ."

"ಒಳಗೆ ಬಾಮ್ಮ," ಎಂದರು ಅಕ್ಕ. "ಮಾತಾಡು ಅಂತ ಡಾಕ್ಟ್ರೇ ಹೇಳಿದ್ರು. ಆಪರೇಷನ್ ಆಗಿ ಮೊದಲ ದಿನ ಕ್ಲಾಸಲ್ಲಿ ಬಾಯಿ ತೆರೆದಾಗ ಹೊರಟ ಸದ್ದಿಗೆ ಒಂದು ಮಗು ಹೆದರಿ ಅತ್ತುಬಿಡ್ತಂತೆ. ದನಿಯೇ ಹೋಯ್ತು ಅಂತ ಎಲ್ಲರೂ ಅಂದ್ಕೊಂಡ್ರು, ಇವನೂ ಹಾಗೇ ಬಿಟ್ಟ. ಮದುವೆನೂ ಆಗಿಲ್ಲ ಇವನಿಗೆ, ಅವತ್ತಿಂದ ನನ್ನ ಬಿಟ್ರೆ ಗೋಡೆ ಹತ್ರಾನೂ ಮಾತಿಲ್ಲ. ಮಾತು ಮನೆ ಕೆಡಿಸಿತು ಅಂತಾರೆ. ಇವನ ಮನೆ ಕೆಡಿಸ್ತಿರೋದು ಮೌನ." ಒಲೆಯ ಮೇಲೆ ಹಾಲಿದೆಯೆಂದು ಅವರು ಒಳಗೆ ಹೋದರು. ಹಾಲಿತ್ತೋ ಇಲ್ಲವೋ, ಬಹಳ ಹೊತ್ತು ಹೊರಗೆ ಬರಲಿಲ್ಲ.

ಮೇಷ್ಟ್ರು ಟ್ಯಾಬಿಗೆ ಕೈ ಚಾಚಿದರು. ಅವಳು ಅದರ ಮೇಲೆ ಅಂಗೈ ಇಟ್ಟಳು.

"ಬರೀಬೇಡಿ. ನನ್ನ ಗಂಡನಾಗಿದ್ದೋನು ತುಂಬಾ ಚೆನ್ನಾಗಿ ಮಾತಾಡ್ತಿದ್ದ. ಮಾತಲ್ಲೇ ಮನೆ ಕಟ್ಟಿಕೊಟ್ಟ. ಒಂದು ದಿನ ಅಷ್ಟೇ ಚೆನ್ನಾಗಿ ಮಾತಾಡ್ತಾ ನನ್ನ ಆಚೆ ಕಳಿಸ್ದ. ಒಳ್ಳೆ ದನಿಗೆ ಮರುಳಾಗೋ ವಯಸ್ಸು ದಾಟಿ ಆಯ್ತು ಸರ್. ನಿಮ್ಮ ದನಿ ಹೇಗಿದ್ರೂ ಕೇಳ್ತೀನಿ."

ಅವರು ಟ್ಯಾಬಿನಿಂದ ಕೈ ಹಿಂತೆಗೆದರು.

"ನೀವು ಹೋಗೋದು... ನನಗೆ ಇಷ್ಟ ಇಲ್ಲ."

ಮರಳಿನ ಮೇಲೆ ಹಲಗೆ ಎಳೆದಂಥ ದನಿ. ಅವಳು ಬೆಚ್ಚಲಿಲ್ಲ. ಕಣ್ಣನ್ನೂ ಆಚೆ ಈಚೆ ಸರಿಸಲಿಲ್ಲ.

"ಸರಿಯಾಗಿ ಕೇಳಿಸಲಿಲ್ಲ," ಎಂದು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಸುಳ್ಳು," ಎಂದರು. ನಗುವಿಗೆ ಸದ್ದು ಬಾರದೆ ಭುಜಗಳಷ್ಟೇ ಕುಲುಕಿದವು. ಆಮೇಲೆ ಗಂಭೀರವಾಗಿ, ಒಂದೊಂದು ಮಾತಿಗೂ ಉಸಿರು ಕೂಡಿಸಿ ಹೇಳಿದರು: "ನನಗೆ ನೀವು ಬೇಕು. ದನಿ ಮೊದಲಿನ ಹಾಗೆ ಆಗಲ್ಲವಂತೆ. ಕೊನೆವರೆಗೂ ಇದೇ. ಯೋಚನೆ ಮಾಡಿ ಹೇಳಿ."

"ನಾಳೆ ನಾನು ಹೋಗಲೇಬೇಕು, ಅಲ್ಲಿನ ಮಕ್ಕಳು ಕಾಯ್ತಿರ್ತಾರೆ," ಎಂದಳು. "ಆದ್ರೆ ನನಗೆ ಒಂದೂ ಮೆಸೇಜ್ ಕಳಿಸಬೇಡಿ."

ಅವರ ಮುಖ ಬಾಡಿತು.

"ಫೋನ್ ಮಾಡಿ."

ಮರುದಿನ ಮಧ್ಯಾಹ್ನ, ಬಸ್ಸಿನ ಕಿಟಕಿ ಪಕ್ಕ ಕೂತಿದ್ದಾಗ ಫೋನ್ ಬಂತು. ಎಂಜಿನ್ ಸದ್ದಿಗೆ ಅವಳು ಇನ್ನೊಂದು ಕಿವಿ ಮುಚ್ಚಿಕೊಂಡಳು.

"ಇವತ್ತು ಹಾಜರಿ ಕೂಗಿದೆ," ಎಂದಿತು ಆ ದನಿ. "ಎಲ್ಲರ ಹೆಸರೂ."

"ಯಾರಾದ್ರೂ ಅತ್ರಾ?"

"ಮಕ್ಕಳು ಅಳಲಿಲ್ಲ. ನಾನೇ ಸ್ವಲ್ಪ."

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಪಕ್ಕದ ಸೀಟಿನ ಅಜ್ಜಿ ತಿರುಗಿ ನೋಡಿದರೂ ದನಿ ತಗ್ಗಿಸಲಿಲ್ಲ.

"ಭಾನುವಾರ ಬರ್ತೀನಿ. ಅಕ್ಕನಿಗೂ ಮನೇಲಿರೋಕೆ ಹೇಳಿ. ಮದುವೆ ಮಾತನ್ನ ದೊಡ್ಡೋರ ಎದುರೇ ಆಡಬೇಕಲ್ಲ."