ಭಟ್ಟರು ರೆಡಿ, ಮನೆ ಮಾರಿಲ್ಲ

"ಆರ್ಯನ್, ಆ ಚಮಚ ಕೆಳಗಿಡು! ಸಿಯಾ, ನಿನ್ನ ತಟ್ಟೆನೂ ಕೊಡು ಇಲ್ಲಿ!"

ಅಮ್ಮ ಸಿಯಾಳ ಕೈಯಿಂದ ತಟ್ಟೆ ಕಿತ್ತುಕೊಂಡೇಬಿಟ್ಟಳು. ಉಪ್ಪಿಟ್ಟು ಇನ್ನೂ ಅರ್ಧ ಉಳಿದಿತ್ತು.

"ಅಮ್ಮಾ! ಐ ಆ್ಯಮ್ ಸ್ಟಿಲ್ ಈಟಿಂಗ್!"

"ಕಾರಲ್ಲಿ ತಿನ್ನು. ಇಪ್ಪತ್ತು ನಿಮಿಷದಲ್ಲಿ ಶೋಯಿಂಗ್ ಇದೆ."

ಶೋಯಿಂಗ್! ಆ ಮಾತು ಕಿವಿಗೆ ಬಿದ್ದರೆ ಸಾಕು, ಸಿಯಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಮನೆ ಕೊಳ್ಳಬೇಕೆನ್ನುವವರು ನೋಡಲು ಬರುವುದಕ್ಕೆ ಶೋಯಿಂಗ್ ಅನ್ನುತ್ತಾರೆ. ಬರಲಿ, ನೋಡಲಿ, ಬೇಡ ಅಂದವರು ಯಾರು? ಆದರೆ ಅವರು ಬಂದಾಗ ಮನೆಯವರು ಮನೆಯಲ್ಲಿ ಇರಕೂಡದಂತೆ. ಅಷ್ಟೇ ಅಲ್ಲ, ಆ ಮನೆಯಲ್ಲಿ ಯಾರಾದರೂ ಉಣ್ಣುತ್ತಾರೆ, ಮಲಗುತ್ತಾರೆ ಅನ್ನುವುದೇ ಗೊತ್ತಾಗಕೂಡದಂತೆ.

ಅದಕ್ಕೇ ಅಮ್ಮ ಈಗ ಕುಕ್ಕರ್, ಬಾಣಲೆ, ಲಟ್ಟಣಿಗೆ, ಮಸಾಲೆ ಡಬ್ಬಿ ಎಲ್ಲವನ್ನೂ ಬಾಚಿಕೊಂಡು ಮಹಡಿಗೆ ಓಡಿದಳು. ಅವೆಲ್ಲ ಹೋಗಿ ಸೇರುವುದು ಸಿಯಾಳ ಕೋಣೆಯಲ್ಲಿ ಬಟ್ಟೆ ಇಡುವ ಕ್ಲಾಸೆಟ್ಟಿಗೆ. ಮೂರು ವಾರದಲ್ಲಿ ಇದು ಹನ್ನೆರಡನೇ ಶೋಯಿಂಗ್. ಸಿಯಾಳ ಫ್ರಾಕುಗಳೆಲ್ಲ ಸಾರಿನಪುಡಿಯ ವಾಸನೆ ಹೊಡೆಯುತ್ತಿದ್ದವು.

ಇಷ್ಟಕ್ಕೆಲ್ಲ ಕಾರಣ ಅಪ್ಪನ ಅವಸರ.

ಅಕ್ಷಯ ತೃತೀಯದ ದಿನ ಎಲ್ಲರೂ ಹತ್ತಿರದ ಊರು ಇಟಾಸ್ಕಾಕ್ಕೆ ಹೋಗಿ ಒಂದು ಮನೆ ನೋಡಿದ್ದರು. ಪೂರ್ವಕ್ಕೆ ಬಾಗಿಲು, ನಾಲ್ಕು ಬೆಡ್‌ರೂಮು, ಹಿತ್ತಿಲಲ್ಲಿ ದೊಡ್ಡ ಮೇಪಲ್ ಮರ. ಮಹಡಿಯ ಮೂಲೆಯ ಕೋಣೆಯಲ್ಲಿ ಕಿಟಕಿಯ ಕೆಳಗೆ ಕೂತು ಓದಲು ಮರದ ಕಟ್ಟೆ. ಸಿಯಾ ಅದರ ಮೇಲೆ ಕೂತವಳು ಏಳಲೇ ಒಲ್ಲಳು. ಗ್ಲೆಂಡೇಲ್ ಹೈಟ್ಸ್‌ನ ಈ ಟೌನ್‌ಹೌಸಿನಲ್ಲಿ ಅವಳಿಗೂ ಐದು ವರ್ಷದ ತಮ್ಮ ಆರ್ಯನ್‌ಗೂ ಸೇರಿ ಒಂದೇ ಕೋಣೆ. ಆರ್ಯನ್ ನಿದ್ದೆಯಲ್ಲೂ ಡೈನೋಸಾರ್‌ಗಳ ಜೊತೆ ಜಗಳವಾಡುತ್ತಾನೆ. ಇಂಥವನ ಜೊತೆ ಎಷ್ಟು ವರ್ಷ ಅಂತ ಇರುವುದು?

ಮನೆ ತೋರಿಸಿದವರು ಚಂದ್ರಮೌಳಿ ಅಂಕಲ್. ಅವರು ವಾರವೆಲ್ಲ ಕಂಪ್ಯೂಟರ್ ಕೆಲಸ ಮಾಡುತ್ತಾರೆ, ಶನಿವಾರ ಭಾನುವಾರ ಮನೆ ಮಾರಿಸುವ, ಕೊಡಿಸುವ ಏಜೆಂಟ್ ಆಗುತ್ತಾರೆ.

"ಸತ್ಯ, ಮೊದಲು ನಿಮ್ಮನೆ ಮಾರೋಣ. ಆಮೇಲೆ ಇದಕ್ಕೆ ಆಫರ್ ಕೊಡೋಣ," ಎಂದು ಅವರು ಅಪ್ಪನಿಗೆ ಬಡಕೊಂಡರು.

ಅಪ್ಪ ಕೇಳಬೇಕಲ್ಲ! "ಇಂಥ ದಿನ ಮತ್ತೆ ಸಿಗುತ್ತೇನ್ರಿ? ಜೂನ್ ಕೊನೇಲಿ ಆಷಾಢ ಬಂದ್ಬಿಡುತ್ತೆ. ಆಷಾಢದಲ್ಲಿ ಹೊಸ ಮನೆಗೆ ಕಾಲಿಡೋ ಹಾಗಿಲ್ಲ. ನಮ್ಮನೆ ಏನು, ಒಂದೇ ವಾರದಲ್ಲಿ ಹೋಗುತ್ತೆ. ಹೋದ್ವರ್ಷ ಪಕ್ಕದ ಮನೆ ಮೂರು ದಿನಕ್ಕೆ ಹೋಗ್ಲಿಲ್ವಾ?"

ಅವತ್ತೇ ಆಫರ್ ಹೋಯಿತು. ಅದಕ್ಕೊಂದು ಕಂಡಿಷನ್: ನಮ್ಮ ಮನೆ ಮಾರಿದ ಮೇಲೆ ನಿಮ್ಮದನ್ನು ಕೊಳ್ಳುತ್ತೇವೆ. ಇಟಾಸ್ಕಾದವರೂ ಒಪ್ಪಿದರು, ಅವರದೂ ಒಂದು ಕಂಡಿಷನ್ ಹಾಕಿ: ನಡುವೆ ಬೇರೆ ಯಾರಾದರೂ ಬಂದರೆ ಗಿರಾಕಿ ತರಲು ನಿಮಗೆ ಎರಡೇ ದಿನ ಟೈಮ್.

ಅಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ, ಮರುದಿನವೇ ದೇವಸ್ಥಾನಕ್ಕೆ ಫೋನ್ ಮಾಡಿ ಜೂನ್ ಮೂರನೇ ಭಾನುವಾರಕ್ಕೆ ಗೃಹಪ್ರವೇಶದ ಭಟ್ಟರನ್ನು ಬುಕ್ ಮಾಡಿಬಿಟ್ಟರು.

"ಭಟ್ಟರು ರೆಡಿ ಇದಾರೆ. ಗೃಹ ಎಲ್ಲಿದೆ ರೀ?" ಎಂದು ಅಮ್ಮ ಆಮೇಲೆ ದಿನಕ್ಕೆ ಮೂರು ಸಲ ಕೇಳುತ್ತಿದ್ದಳು.

ಒಂದು ವಾರ ಹೋಯಿತು, ಎರಡು ಹೋಯಿತು. ಬಂದವರೆಲ್ಲ ಮೂಗು ಮುರಿದು ಹೋದರು. ಈ ವರ್ಷ ಬೀದಿಯ ತುಂಬ 'ಫಾರ್ ಸೇಲ್' ಬೋರ್ಡುಗಳೇ ನಿಂತಿದ್ದವು. ಈ ಶನಿವಾರ ಬೆಳಿಗ್ಗೆಯಂತೂ ಚಂದ್ರಮೌಳಿ ಅಂಕಲ್ ಫೋನಿನಲ್ಲಿ ಹೇಳಿದ ಸುದ್ದಿ ಕೇಳಿ ಅಪ್ಪನ ಮುಖ ಸಪ್ಪಗಾಯಿತು. ಇಟಾಸ್ಕಾ ಮನೆಗೆ ಇನ್ನೊಬ್ಬರು ಬಂದಿದ್ದಾರೆ. ಕಂಡಿಷನ್ ಗಿಂಡಿಷನ್ ಏನೂ ಇಲ್ಲದವರು. ಸೋಮವಾರ ಸಂಜೆಯೊಳಗೆ ಈ ಮನೆಗೆ ಗಿರಾಕಿ ಸಿಗದಿದ್ದರೆ ಆ ಮನೆ ಕೈತಪ್ಪಿದ ಹಾಗೆ.

ಇನ್ನು ಉಳಿದಿದ್ದುದು ಇದೊಂದೇ ಶೋಯಿಂಗ್.

ನಾಲ್ವರೂ ಕಾರು ಹತ್ತಿ ಬೀದಿಯ ತಿರುವಿನಲ್ಲಿ ನಿಂತರು. ಆರ್ಯನ್ ಉಪ್ಪಿಟ್ಟನ್ನೆಲ್ಲ ಸೀಟಿನ ಮೇಲೆ ಚೆಲ್ಲಿದ. ಸಿಯಾಳಿಗೆ ಆಗ ನೆನಪಾಯಿತು.

"ಅಪ್ಪಾ, ನನ್ನ ಲೈಬ್ರರಿ ಬುಕ್! ಇವತ್ತೇ ಡ್ಯೂ!"

"ಆಮೇಲೆ ತಗೊಳ್ಳೋಣ."

"ಲೈಬ್ರರಿ ಕ್ಲೋಸ್ ಆಗುತ್ತೆ! ಒಂದೇ ನಿಮಿಷ. ಅವರು ಬಂದಿಲ್ಲ ಇನ್ನೂ!"

ಅಪ್ಪ ಬೇಡ ಅನ್ನುವಷ್ಟರಲ್ಲಿ ಅವಳು ಇಳಿದು ಓಡಿಯಾಗಿತ್ತು.

ಪುಸ್ತಕ ಇದ್ದುದು ಕ್ಲಾಸೆಟ್ಟಿನಲ್ಲಿ, ಅಕ್ಕಿ ಚೀಲದ ಹಿಂದೆ. ಅವಳು ಬಗ್ಗಿ ಕೈ ಹಾಕಿದಳೋ ಇಲ್ಲವೋ, ಕೆಳಗೆ ಮುಂಬಾಗಿಲು ತೆರೆದ ಸದ್ದಾಯಿತು. ಮೆಟ್ಟಿಲ ಮೇಲೆ ಯಾರೋ ದಡದಡ ಓಡಿಬಂದರು. ಸಿಯಾ ಏನೂ ತೋಚದೆ ಒಳಗೇ ನುಸುಳಿ ಬಾಗಿಲು ಎಳೆದುಕೊಂಡಳು.

ಯಾರೋ ಕೋಣೆಗೆ ಬಂದರು. ಸಂದಿಯಿಂದ ನೋಡಿದರೆ ತನ್ನಷ್ಟೇ ಎತ್ತರದ ಹುಡುಗಿ, ಎರಡು ಜಡೆ. ಆ ಹುಡುಗಿ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಎರಡೂ ಕೈ ಚಾಚಿ ಗೋಡೆ ಅಳೆದಳು. ಆಮೇಲೆ ಕಿಟಕಿಯ ಹತ್ತಿರ ಹೋಗಿ, "ಡೆಸ್ಕ್ ಹಿಯರ್," ಅಂದಳು. ತಿರುಗಿ, "ಬೆಡ್ ದೇರ್," ಅಂದಳು.

ಸಿಯಾಳಿಗೆ ರೇಗಿಹೋಯಿತು. ಅಲ್ಲಿ ಇರುವುದು ನನ್ನ ಬೆಡ್! ಇವಳ್ಯಾರು ಹೇಳೋಕೆ?

ಅಷ್ಟರಲ್ಲಿ ಆ ಹುಡುಗಿ ಕ್ಲಾಸೆಟ್ಟಿನ ಬಾಗಿಲು ಎಳೆದೇಬಿಟ್ಟಳು.

ಕುಕ್ಕರ್ ಮೊದಲು ಬಿತ್ತು. ಅದರ ಹಿಂದೆ ಬಾಣಲೆ, ಬಾಣಲೆಯ ಹಿಂದೆ ಲಟ್ಟಣಿಗೆ, ಕೊನೆಯಲ್ಲಿ ಸಾಸಿವೆ ಜೀರಿಗೆಯ ಸಮೇತ ಸಿಯಾ. ಹುಡುಗಿ ಕಿಟಾರನೆ ಕಿರುಚಿದಳು. ಸಿಯಾ ಅವಳಿಗಿಂತ ಜೋರಾಗಿ ಕಿರುಚಿದಳು.

ಹುಡುಗಿಯ ಅಪ್ಪ ಅಮ್ಮ ಏದುಸಿರು ಬಿಡುತ್ತ ಓಡಿಬಂದರು.

"ದಾನಿಯಾ! ಏನಾತವ್ವ?" ಎಂದರು ತಾಯಿ.

"ಅಯ್ಯೋ, ಅಮ್ಮ ನನ್ನ ಸಾಯಿಸ್ತಾಳೆ!" ಎಂದು ಸಿಯಾ ಸಾಸಿವೆ ಬಾಚತೊಡಗಿದಳು.

ದಾನಿಯಾಳ ತಾಯಿ ಕುಕ್ಕರ್ ನೋಡಿದರು, ಲಟ್ಟಣಿಗೆ ನೋಡಿದರು, ಸಿಯಾಳನ್ನು ನೋಡಿದರು. "ಏನವ್ವ, ನೀವು ಕನ್ನಡ ಮಂದಿ ಏನು?" ಎಂದವರೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

ಸಿಯಾ ಬಾರದ್ದು ಕಂಡು ಆರ್ಯನ್‌ನನ್ನು ಎಳೆದುಕೊಂಡು ಹುಡುಕಿ ಬಂದಿದ್ದ ಅವಳ ಅಪ್ಪ ಅಮ್ಮನೂ ಕಿರುಚಾಟ ಕೇಳಿ ಮಹಡಿಗೆ ಬಂದುಬಿಟ್ಟರು. ಕೊಳ್ಳುವವರೂ ಮಾರುವವರೂ ಮುಖಾಮುಖಿ ಆಗಕೂಡದು ಎಂದು ಚಂದ್ರಮೌಳಿ ಅಂಕಲ್ ನೂರು ಸಲ ಹೇಳಿದ್ದರು. ಆದರೆ ಕನ್ನಡ ಕಿವಿಗೆ ಬಿದ್ದ ಮೇಲೆ ಅದನ್ನೆಲ್ಲ ಯಾರು ಕೇಳುತ್ತಾರೆ? ದಾನಿಯಾಳ ಅಪ್ಪ ಅಮ್ಮ ನಜೀಬ್ ಅಂಕಲ್ ಮತ್ತು ಅಸ್ಗರಿ ಆಂಟಿ ಬಿಜಾಪುರದವರು, ಇದೇ ಊರಿನ ಆಚೆ ತುದಿಯ ಒಂದು ಪುಟ್ಟ ಕಾಂಡೋ ಫ್ಲಾಟಿನಲ್ಲಿದ್ದಾರೆ ಎಂಬುದು ಐದೇ ನಿಮಿಷದಲ್ಲಿ ಗೊತ್ತಾಯಿತು. ಅಮ್ಮ ಆ ಸಾಸಿವೆಯ ರಾಶಿಯ ಪಕ್ಕದಲ್ಲೇ ನಿಂತು ಚಹಾಕ್ಕಿಟ್ಟುಬರುತ್ತೇನೆ ಅಂದಳು. ಎರಡೂ ಮನೆಯವರು ಫೋನ್ ನಂಬರ್ ಬರೆದು ಕೊಟ್ಟುಕೊಂಡರು. ಅವರನ್ನು ಕರೆತಂದ ಏಜೆಂಟ್ ಮಾತ್ರ ಬಾಗಿಲಲ್ಲಿ ನಿಂತು ವಾಚ್ ನೋಡಿಕೊಳ್ಳುತ್ತಿದ್ದ.

"ನಾನು, ಅಜ್ಜಿ, ನನ್ನ ತಮ್ಮ ಹಸ್ನೈನ್, ಮೂರು ಜನಕ್ಕೂ ಒಂದೇ ರೂಮ್," ಎಂದು ದಾನಿಯಾ ಕನ್ನಡ ಇಂಗ್ಲಿಷ್ ಬೆರೆಸಿ ಹೇಳಿದಳು. "ನಿನ್ನ ರೂಮ್ ಈಸ್ ಸೋ ಬಿಗ್!"

ಬಿಗ್? ಸಿಯಾ ತನ್ನ ಕೋಣೆಯನ್ನು ಸುತ್ತ ನೋಡಿದಳು. ಈ ಕೋಣೆಯ ಬಗ್ಗೆ ಆ ಮಾತನ್ನು ಅವಳು ಇದುವರೆಗೆ ಕೇಳಿಯೇ ಇರಲಿಲ್ಲ.

ಭಾನುವಾರ ಸಂಜೆ ಚಂದ್ರಮೌಳಿ ಅಂಕಲ್ ಕಾಗದ ಹಿಡಿದುಕೊಂಡು ಬಂದರು. "ನಜೀಬ್ ಅವರು ಆಫರ್ ಕೊಟ್ಟಿದಾರೆ. ನೀವು ಕೇಳಿದ ರೇಟಿಗೇ!"

ಸಿಯಾ ಕುರ್ಚಿಯಿಂದ ಹಾರಿ ನಿಂತಳು. ಅಪ್ಪ ಗಬಕ್ಕನೆ ಕಾಗದ ತೆಗೆದುಕೊಂಡರು. ಮೊದಲನೇ ಪುಟ ಓದಿ ನಕ್ಕರು. ಎರಡನೇ ಪುಟ ಓದುತ್ತ ಓದುತ್ತ ಮುಖ ಕೆಂಪಗಾಯಿತು.

"ಏನಿದು? ಅವರ ಕಾಂಡೋ ಮಾರಿದ ಮೇಲೆ ಇದನ್ನ ತಗೋತಾರಂತೆ! ಅದನ್ನ ಇನ್ನೂ ಮಾರ್ಕೆಟ್ಟಿಗೇ ಹಾಕಿಲ್ವಂತೆ! ತಮ್ಮ ಮನೆ ಮಾರದೆ ಇನ್ನೊಬ್ಬರ ಮನೆಗೆ ಆಫರ್ ಕೊಡೋಕೆ ಬರ್ತಾರಲ್ಲ, ಬುದ್ಧಿ ಬೇಡ್ವಾ ಜನಕ್ಕೆ?"

ಚಂದ್ರಮೌಳಿ ಅಂಕಲ್ ಛಾವಣಿ ನೋಡಿದರು. ಅಮ್ಮ ತೊಳೆದ ಲೋಟವನ್ನೇ ಮತ್ತೆ ತೊಳೆದಳು.

"ಅಪ್ಪಾ," ಎಂದಳು ಸಿಯಾ, "ನಮ್ಮ ಆಫರ್ ಹೋದಾಗ ಇಟಾಸ್ಕಾದವರೂ ಹೀಗೇ ಬೈದ್ರಾ?"

ಅಪ್ಪ ಕಾಗದವನ್ನು ಮೇಜಿನ ಮೇಲಿಟ್ಟು ಹಿತ್ತಿಲಿಗೆ ಹೋಗಿ ನಿಂತರು.

ಕಾಂಡೋ ಮಾರುವವರೆಗೆ ನಜೀಬ್ ಅಂಕಲ್ ಆಫರ್ ಲೆಕ್ಕಕ್ಕೆ ಬರುವಂತಿರಲಿಲ್ಲ; ಸೋಮವಾರ ಸಂಜೆ ಇಟಾಸ್ಕಾ ಮನೆ ಬೇರೆಯವರ ಪಾಲಾಯಿತು. ಈ ಮನೆ ಮಾರದೆ ಅದನ್ನೂ ಕೊಂಡು ಎರಡೆರಡು ಮನೆಯ ಸಾಲ ಕಟ್ಟುವ ತಾಕತ್ತು ಅಪ್ಪನಿಗಿರಲಿಲ್ಲ. ಅಪ್ಪ ದೇವಸ್ಥಾನಕ್ಕೆ ಫೋನ್ ಮಾಡಿ ಭಟ್ಟರು ಬೇಡ ಎಂದರು. ಸಿಯಾ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ನಲ್ಲಿ ಬಿಟ್ಟು ಅತ್ತಳು. ಕಿಟಕಿಯ ಕೆಳಗಿನ ಆ ಕಟ್ಟೆಯ ಮೇಲೆ ಇನ್ನು ಯಾರೋ ಕೂರುತ್ತಾರೆ. ಆರ್ಯನ್ ಬಾಗಿಲು ಬಡಿದು, "ನನಗೆ ಸೂಸೂ!" ಎಂದು ಕೂಗಿದ. ಈ ಮನೆಯಲ್ಲಿ ನೆಮ್ಮದಿಯಾಗಿ ಅಳುವುದಕ್ಕೂ ಜಾಗ ಇರಲಿಲ್ಲ.

ಅವಳು ಮುಖ ತೊಳೆದು ಹೊರಬಂದಾಗ ಕೆಳಗೆ ಮಾತು ನಡೆದಿತ್ತು.

"ನಜೀಬ್ ಅವರಿಗೆ ಏನು ಹೇಳೋದು?" ಎಂದರು ಅಪ್ಪ. "ನಾವೇ ಎಲ್ಲಿಗೂ ಹೋಗಲ್ಲ ಅಂದ್ಮೇಲೆ ಮನೆ ಮಾರೋ ಹಾಗಿಲ್ಲ. ಸದ್ಯಕ್ಕೆ ನೋಡೋಣ ಅಂತ ಹೇಳಿಡ್ತೀನಿ. ಒಂದೆರಡು ತಿಂಗಳು ಕಾಯಲಿ."

"ಬೇಡ ರೀ. ಸುಮ್ಮನೆ ಆಸೆ ಹುಟ್ಟಿಸಬೇಡಿ," ಎಂದಳು ಅಮ್ಮ.

"ಇವತ್ತೇ ಹೇಳಿಬಿಡು ಅಪ್ಪಾ," ಎಂದಳು ಸಿಯಾ ಮೆಟ್ಟಿಲ ಮೇಲಿಂದ. "ಚಂದ್ರಮೌಳಿ ಅಂಕಲ್ ಹತ್ರ ಹೇಳಿಸ್ಬೇಡ. ನೀನೇ ಹೇಳು. ದಾನಿಯಾ ಫೋನ್ ಪಕ್ಕದಲ್ಲೇ ಕೂತಿರ್ತಾಳೆ."

"ನಿನಗೆ ಹೇಗೆ ಗೊತ್ತು?"

ಮೂರು ವಾರ ಫೋನ್ ರಿಂಗ್ ಆದಾಗಲೆಲ್ಲ ಈ ಮೆಟ್ಟಿಲ ಮೇಲೆ ಯಾರು ಕೂತಿರುತ್ತಿದ್ದರು ಎಂಬುದನ್ನು ಅಪ್ಪ ಗಮನಿಸಿಯೇ ಇರಲಿಲ್ಲ.

ಅಪ್ಪ ಫೋನ್ ಮಾಡಿದರು. ಮೊದಲ ರಿಂಗಿಗೇ ಯಾರೋ ಎತ್ತಿದರು. ನಿಮ್ಮಪ್ಪನಿಗೆ ಕೊಡಮ್ಮ ಎಂದು ಅಪ್ಪ ಹೇಳಿದರು. ಆಮೇಲೆ ಬಹಳ ಹೊತ್ತು, "ಕ್ಷಮಿಸಿ... ಇಲ್ಲ, ನಿಮ್ಮದೇನೂ ತಪ್ಪಿಲ್ಲ... ಆತುರ ಪಟ್ಟವನು ನಾನು," ಎಂದೆಲ್ಲ ಮೆಲ್ಲಗೆ ಮಾತಾಡಿದರು. ಅಪ್ಪ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಸಿಯಾ ಕೇಳಿರಲಿಲ್ಲ.

ಕೊನೆಗೆ ಅವಳೇ ಹೋಗಿ ಕೈ ಚಾಚಿದಳು. ಅಪ್ಪ ಫೋನ್ ಕೊಟ್ಟರು.

"ದಾನಿಯಾ? ನಾನು ಸಿಯಾ."

ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಬಂತು.

ಸಿಯಾ 'ಸಾರಿ' ಎನ್ನಬಹುದಿತ್ತು. ಸಂಜೆಯಿಂದ ಅವಳಿಗೆ ಎಲ್ಲರೂ ಅದನ್ನೇ ಹೇಳಿದ್ದರು. ಅದರಿಂದ ಏನೂ ಆಗಿರಲಿಲ್ಲ.

"ನಾನು ಎಲ್ಲರಿಗೂ ಹೇಳಿಬಿಟ್ಟಿದ್ದೆ," ಎಂದಳು ದಾನಿಯಾ ಕೊನೆಗೆ. "ಮೈ ಹೋಲ್ ಕ್ಲಾಸ್. ಬಸ್ ಡ್ರೈವರ್‌ಗೂ."

ಸಿಯಾ ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡು ನೆಲದ ಮೇಲೆ ಕೂತಳು.

"ನಾನೂ," ಎಂದಳು.

ಆಮೇಲೆ ಇಬ್ಬರೂ ಏನೂ ಮಾತಾಡಲಿಲ್ಲ. ಆದರೆ ಇಬ್ಬರೂ ಫೋನ್ ಇಡಲಿಲ್ಲ. ಅಮ್ಮ ಎರಡು ಸಲ ಊಟಕ್ಕೆ ಕರೆದಳು. ಸಿಯಾ ಕೈ ಸನ್ನೆ ಮಾಡಿ, ಇನ್ನೂ ಸ್ವಲ್ಪ ಹೊತ್ತು ಎಂದಳು.